ಘಾಟು ಚೀಸ್‌ಗೆ ಜೇನೋ, ಜೋನಿ ಬೆಲ್ಲವೋ?

ಬ್ಲೂ ಚೀಸ್ ಜೊತೆ ಜೇನುತುಪ್ಪ ತಿನ್ನಿ ಅಂತ ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಜೋನಿ ಬೆಲ್ಲ ನೋಡಿಲ್ಲ, ಅಷ್ಟೇ. ಚಿಕ್ಕಮಗಳೂರಿನ ನಮ್ಮ ಅಡುಗೆಮನೆಯಲ್ಲಿ ಎರಡೂ ಇದ್ದವು. ಭಾವ ಬೆಂಗಳೂರಿನಿಂದ ಬರುವಾಗ ಒಂದು ಬ್ಲೂ, ಒಂದು ಹಳೆಯ ಚೆಡ್ಡಾರ್ ತರುತ್ತಾರೆ. ಮನೆಯಲ್ಲಿ ಏನೇನಿತ್ತೋ ಎಲ್ಲದರ ಜೊತೆ ಸೇರಿಸಿ ತಿಂದು ನೋಡಿದೆ.

ಬ್ಲೂ ಚೀಸ್ ಅಂದರೆ ಪೆನಿಸಿಲಿಯಂ ರೋಕ್‌ಫೋರ್ಟಿ ಎಂಬ ಬೂಷ್ಟು ಸೇರಿಸಿ ಮಾಡಿದ್ದು. ಚೀಸ್ ಗಟ್ಟಿಯಾದ ಮೇಲೆ ಸೂಜಿಯಿಂದ ಚುಚ್ಚುತ್ತಾರೆ. ಗಾಳಿ ಒಳಗೆ ಹೋದ ಕಡೆ ಬೂಷ್ಟು ಬೆಳೆಯುತ್ತದೆ. ಕತ್ತರಿಸಿದಾಗ ಕಾಣುವ ನೀಲಿ ಗೆರೆ ಅದೇ. ಅಮ್ಮ ಆ ಗೆರೆ ನೋಡಿ, "ಕೆಟ್ಟೋಗಿದೆ ಕಣೋ, ನಾಯಿಗೂ ಹಾಕ್ಬೇಡ" ಅಂದರು. ಬಾಯಿಗಿಟ್ಟರೆ ಮೊದಲು ಉಪ್ಪು, ಆಮೇಲೆ ಘಾಟು, ಕೊನೆಗೆ ನಾಲಿಗೆಯ ತುದಿ ಚುರುಚುರು. ಇದಕ್ಕೆ ಸಿಹಿ ಬೇಕೇ ಬೇಕು. ಆದರೆ ಎಂಥ ಸಿಹಿ?

ತುಡುವೆ ಜೇನು ಒಳ್ಳೆಯದೇ. ಬರೀ ಜೇನಾಗಿ ತಿನ್ನಲು ಅದಕ್ಕಿಂತ ರುಚಿ ಇಲ್ಲ. ಚೀಸ್ ಮೇಲೆ ಮಾತ್ರ ಅದು ನಿಲ್ಲುವುದಿಲ್ಲ, ಜಾರಿ ತಟ್ಟೆಗೆ ಹೋಗುತ್ತದೆ. ಬಾಯಲ್ಲೂ ಅದೇ ಕಥೆ. ಸಿಹಿ ಬೇಗ ಬಂದು ಬೇಗ ಹೋಗುತ್ತದೆ, ಘಾಟು ಹಾಗೇ ಉಳಿಯುತ್ತದೆ. ಜೋನಿ ಬೆಲ್ಲ ಹಾಗಲ್ಲ. ಕಬ್ಬಿನ ಹಾಲನ್ನು ಕಾಯಿಸಿ, ಅಚ್ಚಿಗೆ ಹಾಕುವಷ್ಟು ಗಟ್ಟಿಯಾಗುವ ಮೊದಲೇ ಇಳಿಸಿದ್ದು ಅದು. ಸಕ್ಕರೆಯಲ್ಲಿ ತೆಗೆದುಹಾಕುವ ಕಾಕಂಬಿ ಇದರಲ್ಲಿ ಹಾಗೇ ಇರುತ್ತದೆ. ಅದಕ್ಕೇ ಸಿಹಿಯ ಹಿಂದೆ ಒಂಚೂರು ಉಪ್ಪು, ಒಂಚೂರು ಕರಕಲು ವಾಸನೆ. ಚಮಚದ ತುದಿಯಿಂದ ಎಳೆಯಾಗಿ ಇಳಿದು, ಪುಡಿಪುಡಿಯಾದ ಚೀಸ್‌ನ ಸಂದಿಯಲ್ಲಿ ಕೂತುಬಿಡುತ್ತದೆ. ಉಗುರಿನಷ್ಟು ಚೀಸ್‌ಗೆ ಎರಡು ಮೂರು ಹನಿ ಸಾಕು. ಮೇಲೆ ತರಿತರಿಯಾಗಿ ಕುಟ್ಟಿದ ಕಾಳುಮೆಣಸು ಉದುರಿಸಿದರೆ ಘಾಟು ಎಲ್ಲಿ ಮುಗಿಯಿತು, ಖಾರ ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ. ನನ್ನ ಮಟ್ಟಿಗೆ ಜೇನು ಸೋತಿತು, ಅದೂ ಸ್ವಲ್ಪದರಲ್ಲಲ್ಲ.

ಇನ್ನು ಕೆಳಗೆ ಏನಿಡುವುದು? ಬಿಸಿ ಅಕ್ಕಿ ರೊಟ್ಟಿ ಮೇಲೆ ಬ್ಲೂ ಇಟ್ಟರೆ ಕರಗಿ ಎಣ್ಣೆ ಬಿಡುತ್ತದೆ, ವಾಸನೆ ಎರಡರಷ್ಟಾಗುತ್ತದೆ. ರೊಟ್ಟಿ ಆರಿಸಿದರೆ ಚಕ್ಕಳ. ಬೆಣ್ಣೆಗೆ ಒಗ್ಗುವ ರೊಟ್ಟಿ ಇದಕ್ಕೆ ಒಗ್ಗಲಿಲ್ಲ. ಕೆಂಡದ ಮೇಲೆ ಸುಟ್ಟ ಹಲಸಿನ ಹಪ್ಪಳ ಒಗ್ಗಿತು. ಅಲ್ಲಲ್ಲಿ ಕಂದು ಚುಕ್ಕೆ ಬಿದ್ದ ಹಪ್ಪಳ ಮುರಿದು, ಮೇಲೆ ಚೀಸ್, ಅದರ ಮೇಲೆ ಜೋನಿ. ಕರಿದ ಹಪ್ಪಳ ಬೇಡ, ಜಿಡ್ಡಿನ ಮೇಲೆ ಜಿಡ್ಡಾಗುತ್ತದೆ. ಮೆಣಸಿನಕಾಯಿ ಜಾಸ್ತಿ ಹಾಕಿದ್ದೂ ಬೇಡ. ಮಳೆಗಾಲದಲ್ಲಿ ಸುಟ್ಟ ತಕ್ಷಣ ತಿನ್ನಬೇಕು, ಮಾತಾಡುತ್ತಾ ಕೂತರೆ ಮೆತ್ತಗಾಗುತ್ತದೆ.

ಹಪ್ಪಳ ಗೆದ್ದಿತು ಅಂತ ಹಲಸಿನ ಹಣ್ಣನ್ನೂ ಇಟ್ಟು ನೋಡಿದೆ. ಜಗಳಗಂಟಿ ವಾರಗಿತ್ತಿಯರಿಬ್ಬರನ್ನು ಒಂದೇ ಕೋಣೆಯಲ್ಲಿ ಕೂರಿಸಿದ ಹಾಗಾಯಿತು. ಬೇಡವೇ ಬೇಡ.

ಚೆಡ್ಡಾರ್ ಸ್ವಭಾವ ಬೇರೆ. ಹಳೆಯದಾದಷ್ಟೂ ಒಣಗಿ ಚೂಪಾಗುತ್ತದೆ. ಹಲ್ಲಿಗೆ ಹರಳು ಸಿಗುತ್ತದೆ. ಅದು ಉಪ್ಪಲ್ಲ, ಹೆಚ್ಚಾಗಿ ಕ್ಯಾಲ್ಸಿಯಂ ಲ್ಯಾಕ್ಟೇಟ್. ಇದಕ್ಕೆ ಎರಡು ಜೋಡಿಗಳ ನಡುವೆ ಪೈಪೋಟಿ: ಸೀಬೆಹಣ್ಣು ಮತ್ತು ಕಾಫಿ.

ಬ್ರೆಜಿಲ್‌ನಲ್ಲಿ ಸೀಬೆಹಣ್ಣಿನ ಗಟ್ಟಿ ಹಲ್ವಾದಂಥದ್ದನ್ನು ಚೀಸ್ ಜೊತೆ ತಿನ್ನುತ್ತಾರೆ. ಆ ಜೋಡಿಗೆ ಅಲ್ಲಿ ರೋಮಿಯೋ ಜೂಲಿಯೆಟ್ ಅಂತಲೇ ಹೆಸರು. ಅವರ ಚೀಸ್ ಸಪ್ಪೆ ಜಾತಿಯದು. ಅತ್ತಿಗೆ ಹಣ್ಣು ಬೇಯಿಸಿ, ಬೀಜ ಸೋಸಿ, ಸಕ್ಕರೆ ಹಾಕಿ ತಳ ಬಿಡುವ ತನಕ ಕೈಯಾಡಿಸಿದರು. ಚೆಡ್ಡಾರ್ ಜೊತೆ ಚೆನ್ನಾಗಿಯೇ ಇತ್ತು. ಉಪ್ಪು ಖಾರ ಹಚ್ಚಿದ ಹಸಿ ಸೀಬೆಕಾಯಿ ಮಾತ್ರ ಚೀಸನ್ನು ನುಂಗಿಹಾಕಿತು.

ಆದರೂ ನಾನು ಕಾಫಿ ಕಡೆ. ಹಾಲು ಹಾಕಿದ್ದಲ್ಲ, ಹಾಲಿನ ಕಾಫಿ ಮೇಲೆ ಚೀಸ್ ಅಂದರೆ ಹೊಟ್ಟೆ ಭಾರ. ಬೆಲ್ಲ ಹಾಕಿದ ಕರಿ ಕಾಫಿ, ಚಿಕೋರಿ ಇಲ್ಲದ್ದು. ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಹಾಗಾಗಿ ಒಂದು ಚೂರು ಚೆಡ್ಡಾರ್ ಕಚ್ಚಿ ಗುಟುಕು ಕುಡಿದರೆ, ಅದೇ ಡಿಕಾಕ್ಷನ್ ಮೃದುವಾಗಿಬಿಡುತ್ತದೆ. ಸ್ವೀಡನ್, ಫಿನ್ಲೆಂಡ್‌ಗಳ ಉತ್ತರ ಭಾಗದಲ್ಲಿ ಚೀಸ್ ತುಂಡನ್ನು ಲೋಟದೊಳಗೇ ಹಾಕುತ್ತಾರೆ. ಅವರದು ಬಿಸಿಗೂ ಕರಗದ ಚೀಸ್. ಚೆಡ್ಡಾರ್ ಹಾಕಿದರೆ ಕಾಫಿ ಮೇಲೆ ಜಿಡ್ಡು ತೇಲುತ್ತದೆ. ಪಕ್ಕದಲ್ಲಿಟ್ಟುಕೊಂಡೇ ತಿನ್ನಿ. ಬ್ಲೂ ಜೊತೆ ಕಾಫಿ ಸುಮ್ನೆ ದಂಡ.

ಹಾಸನದ ಗೆಳೆಯನೊಬ್ಬ ಆಲೂಗಡ್ಡೆ ಬಿಟ್ಟರೆ ಬೇರೆ ಜೋಡಿಯೇ ಇಲ್ಲ ಅನ್ನುತ್ತಾನೆ. ಅವನ ಊರಿನ ಬೆಳೆ, ಅನ್ನಲೇಬೇಕಲ್ವಾ. ಸಿಪ್ಪೆ ಸಮೇತ ಬೇಯಿಸಿದ ಗಡ್ಡೆ ಮೇಲೆ ಕರಗಿಸಿದ ಚೀಸ್ ಸುರಿಯುವುದು ಸ್ವಿಟ್ಜರ್ಲೆಂಡಿನ ರಾಕ್ಲೆಟ್ ಪದ್ಧತಿ. ರುಚಿಗೆ ಮೋಸವಿಲ್ಲ. ಹೊಸದೇನೂ ಅಲ್ಲ.

ಸಸ್ಯಾಹಾರಿಗಳು ಕೊಳ್ಳುವಾಗ ಹಸಿರು ಚುಕ್ಕೆ ನೋಡಿ. ರೋಕ್‌ಫೋರ್, ಪಾರ್ಮಿಜಾನೊದಂಥ ಹಳೆಯ ಚೀಸ್‌ಗಳಲ್ಲಿ ಹಾಲು ಒಡೆಸಲು ಕರು, ಕುರಿಮರಿಯಂಥ ಎಳೆ ಪ್ರಾಣಿಗಳ ಹೊಟ್ಟೆಯ ರೆನೆಟ್ ಬಳಸುತ್ತಾರೆ. ತಿನ್ನುವ ಅರ್ಧ ಗಂಟೆ ಮೊದಲೇ ಫ್ರಿಜ್‌ನಿಂದ ಹೊರಗಿಡಿ. ನಮ್ಮ ಡಿಸೆಂಬರ್ ಚಳಿಗೆ ಒಂದು ಗಂಟೆಯಾದರೂ ಬೇಕು.

ಅಪ್ಪೆಮಿಡಿ ಉಪ್ಪಿನಕಾಯಿ ವಿಷಯದಲ್ಲಿ ಮಾತ್ರ ಮನೆಯಲ್ಲಿ ಇನ್ನೂ ರಾಜಿಯಾಗಿಲ್ಲ. ಉಪ್ಪಿಗೆ ಉಪ್ಪು ಸೇರಿ ನನಗೆ ನೀರು ಕುಡಿದೇ ಸಾಕಾಯಿತು. ಅಣ್ಣ ಕೇಳುವುದಿಲ್ಲ. ಮಿಡಿಯನ್ನು ತೊಳೆದು, ಸೀಳಿ, ಒಳಗೆ ಚೆಡ್ಡಾರ್ ತುಂಬಿ ತಿನ್ನುತ್ತಾನೆ. ತೊಳೆದರೆ ಸೊನೆಯ ಪರಿಮಳ ಎಲ್ಲಿ ಉಳಿಯುತ್ತದೆ ಅಂತ ಅಮ್ಮನ ತಕರಾರು.