ಸ್ಟ್ರೋಕ್ ಆಗಿ ಮಾತು ಹೋದವರಿಗೆ ದಾವಣಗೆರೆಲಿ ಸ್ಪೀಚ್ ಥೆರಪಿ, ನಮ್ಮ ಮೂರು ತಿಂಗಳ ಅನುಭವ

ನಮ್ಮ ಅಪ್ಪಾಜಿಗೆ ಸ್ಟ್ರೋಕ್ ಆಗಿ ಬಲಗೈ ಬಲಗಾಲಿನ ಜೊತೆ ಮಾತೂ ಹೋಯ್ತು, ಏನ್ ಕೇಳಿದ್ರೂ "ಬಾ ಬಾ" ಅಷ್ಟೇ. ಮೂವತ್ತು ವರ್ಷ ಮಂಡಕ್ಕಿ ಭಟ್ಟಿ ನಡೆಸಿದವರು, ಬಾಯಿಮಾತಲ್ಲೇ ವ್ಯಾಪಾರ ಮಾಡಿದ ಮನುಷ್ಯ. ಅಡ್ಮಿಟ್ ಮಾಡಿದ್ದ ಆಸ್ಪತ್ರೆಯವರು ಮಂಚದ ಪಕ್ಕನೇ ನಿಂತ್ಕಂಡು "ಇವ್ರಿಗೇನೂ ತಿಳಿಯಲ್ಲ, ನೀವೇ ಹೇಳ್ರಿ" ಅಂತ ನನ್ನ ಹತ್ರ ಮಾತಾಡೋರು, ಹೆಬ್ಬೆಟ್ಟು ಒತ್ತಿಸ್ಕಳೋವಾಗ್ಲೂ ಯಾತಕ್ಕೆ ಅಂತ ಅವರಿಗೆ ಒಂದ್ ಮಾತು ಹೇಳ್ಲಿಲ್ಲ. ಅಪ್ಪಾಜಿ ಕಣ್ಣು ತುಂಬಿತ್ತು. ಎಲ್ಲಾ ತಿಳೀತಿತ್ತು ಅವರಿಗೆ.

ಆಮೇಲೆ ಪರಿಚಯದವರು ಹೇಳಿದ್ರು ಅಂತ ಈ ಸೆಂಟರ್‌ಗೆ ಹೋದ್ವಿ. ಅಲ್ಲಿ ಥೆರಪಿ ಕೊಡೋ ಮೇಡಂ ಮೈಸೂರಿನ ವಾಕ್ ಶ್ರವಣ ಸಂಸ್ಥೇಲಿ ಓದಿದವರು. ಮೊದಲ್ನೇ ದಿನ ಕುರ್ಚಿ ಎಳ್ಕಂಡು ಅಪ್ಪಾಜಿ ಎದುರಿಗೇ ಕುಂತು "ಯಜಮಾನ್ರೇ, ಊಟ ಆಯ್ತಾ?" ಅಂದು ಸುಮ್ನೆ ಕಾದ್ರು, ನಾನು ಬಾಯಿ ಹಾಕಕ್ಕೋದ್ರೆ ಕೈ ತೋರ್ಸಿ ತಡೆದ್ರು. ಅಪ್ಪಾಜಿ ನಿಧಾನಕ್ಕೆ ತಲೆ ಆಡಿಸಿದ್ರು. ತಿಂಗಳಾದ್ಮೇಲೆ ಅವರನ್ನೇ ಕೇಳಿದ ಮೊದಲ್ನೇ ಮನುಷ್ಯರು ಇವರು!

ಇದಕ್ಕೆ ಅಫೇಸಿಯಾ ಅಂತಾರೆ, ಮೆದುಳಿನ ಎಡಭಾಗಕ್ಕೆ ಪೆಟ್ಟಾಗಿ ಪದ ಸಿಗಲ್ಲ, ಬುದ್ಧಿ ಹೋಗಿರಲ್ಲ ಅಂತ ಮೇಡಂ ಬಿಡಿಸಿ ಹೇಳಿದ್ರು. 1861ರಲ್ಲಿ ಫ್ರಾನ್ಸ್‌ನ ಬ್ರೋಕಾ ಅನ್ನೋ ಡಾಕ್ಟ್ರು ನೋಡಿದ ಪೇಶಂಟ್ ಒಬ್ರು ಏನ್ ಕೇಳಿದ್ರೂ "ಟಾನ್" ಅಂತಿದ್ರಂತೆ, ನಮ್ಮ ಅಪ್ಪಾಜಿ "ಬಾ ಬಾ" ಅಂದಂಗೆ. ಇನ್ನು ಕೆಲವರಿಗೆ ಮಾತು ಸರಾಗ ಬರುತ್ತೆ, ಆದ್ರೆ ನಾವು ಹೇಳಿದ್ದು ಅರ್ಥ ಆಗಲ್ಲ, ಅದಕ್ಕೆ ಒಬ್ಬೊಬ್ಬರಿಗೆ ಒಂದೊಂದು ದಾರಿ.

ಒಂದಿನ ಮೇಡಂ "ಎರಡೊಂದ್ಲ ಎರಡು" ಅಂತ ಶುರು ಮಾಡಿದ್ರೆ ಅಪ್ಪಾಜಿ ಹಿಂದೇನೇ "ಎರಡೆರಡ್ಲ ನಾಕು, ಎರಡ್ಮೂರ್ಲ ಆರು" ಅಂತ ಹೇಳ್ಕಂತ ಹೋದ್ರು, ನಾನು ಅಲ್ಲೇ ಅತ್ತುಬಿಟ್ಟೆ. ಬಾಯಿಪಾಠ ಆಗಿರೋದು ತಾನಾಗೇ ಬರುತ್ತೆ, ನೀರು ಅನ್ನೋ ಪದ ಬೇಕಾದಾಗ ಬರೋಕೆ ಇನ್ನೂ ಟೈಮ್ ಬೇಕು ಅಂತ ಮೇಡಂ ಅಲ್ಲೇ ಹೇಳಿದ್ರು, ಸುಳ್ಳು ಆಸೆ ಹುಟ್ಟಿಸ್ಲಿಲ್ಲ.

ಮನೇಲಿ ಮಾಡೋದನ್ನೂ ಕಲಿಸಿದ್ರು: ಟಿವಿ ಆಫ್ ಮಾಡಿ, ಒಂದ್ ಸಲಕ್ಕೆ ಒಂದೇ ಪ್ರಶ್ನೆ, ಟೀ ಲೋಟ ಮಜ್ಜಿಗೆ ಲೋಟ ಎರಡೂ ತೋರ್ಸಿ ಕೇಳ್ರಿ, ಮಕ್ಕಳ ಹತ್ರ ಮಾತಾಡಿದಂಗೆ ಮಾತ್ರ ಬೇಡ. ಹೂಂ ಊಹೂಂ ಅವರಿಗೇ ಅದಲು ಬದಲು ಆಗುತ್ತೆ, ಅದಕ್ಕೆ ಪ್ರಶ್ನೆ ತಿರುಗಿಸಿ ಇನ್ನೊಂದ್ಸಲ ಕೇಳಬೇಕಂತೆ. ಇದು ಗೊತ್ತಿಲ್ದೆ ಬೇಡ ಅಂದ್ರು ಅಂತ ನಾವು ಎಷ್ಟು ದಿನ ಊಟದ ತಟ್ಟೆ ಎತ್ತಿಟ್ವೋ ಏನೋ.

ಕೊರತೆ ಅಂದ್ರೆ ಸೆಂಟರ್ ಇರೋದು ಫಸ್ಟ್ ಫ್ಲೋರ್, ಲಿಫ್ಟ್ ಇಲ್ಲ, ಕಾಲು ಸ್ವಾಧೀನ ಇಲ್ಲದವರನ್ನ ಇಬ್ಬರು ಹಿಡಿದು ಹತ್ತಿಸ್ಬೇಕು. ಇದನ್ನ ದಯವಿಟ್ಟು ಸರಿ ಮಾಡ್ರಿ. ಮುಕ್ಕಾಲು ಗಂಟೆಗೆ 500 ರೂಪಾಯಿ, ವಾರಕ್ಕೆ ಮೂರು ಸಲ ಅಂದ್ರೆ ನಮ್ಮಂಥವರಿಗೆ ಕಷ್ಟನೇ, ಆದ್ರೂ ಬಿಟ್ಟಿಲ್ಲ.

ಹೋಗೋರು ಬೆಳಗಿನ ಟೈಮೇ ತಗೊಳ್ರಿ, ಸಂಜೆ ಆದ್ರೆ ಸುಸ್ತಾಗಿ ಬರೋ ಪದನೂ ಬರಲ್ಲ. ಮನೆಯವರ ಫೋಟೋ ಒಂದಿಷ್ಟು ತಗೊಂಡೋಗ್ರಿ. ನಾವು ಭಟ್ಟಿ ಫೋಟೋ ತಗೊಂಡೋಗಿದ್ವಿ, ಅದನ್ನ ನೋಡೇ ಅಪ್ಪಾಜಿ ಮೊನ್ನೆ "ಬೆಂಕಿ" ಅಂದ್ರು.