ತಟ್ಟೆ, ತೇಲುವ ಜೆಲ್, ಅಂಚಿಗೆ ಕಚ್ಚಿದ ಜೆಲ್: ಹೃದಯದ ಕೋಶಗಳಿಗೆ ಯಾವ ನೆಲೆ?

ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗವನ್ನು ಕೊಲಾಜೆನ್ ಎಂಬ ನಾರಿನಂಥ ಪ್ರೋಟೀನ್ ತುಂಬುತ್ತದೆ. ಅದನ್ನು ನೂಲುವುದು, ಎಳೆದು ಬಿಗಿಯುವುದು, ಬೇಕಾದಲ್ಲಿ ಕತ್ತರಿಸುವುದು ಎಲ್ಲವೂ ಮುಖ್ಯವಾಗಿ ಫೈಬ್ರೋಬ್ಲಾಸ್ಟ್ ಕೋಶಗಳ ಕೆಲಸ. ಕೋಲಾರದ ನಮ್ಮ ಪ್ರಯೋಗಾಲಯದಲ್ಲಿ ಎಳೆಯ ಇಲಿಗಳ ಹೃದಯದಿಂದ ತೆಗೆದ ಈ ಕೋಶಗಳನ್ನು ಮೂರು ಬಗೆಯಲ್ಲಿ ಬೆಳೆಸಿ ನೋಡಿದ್ದೇನೆ.

ಪ್ಲಾಸ್ಟಿಕ್ ತಟ್ಟೆ ಅಗ್ಗ, ಸುಲಭ. ಆದರೆ ಆರೋಗ್ಯವಂತ ಹೃದಯದ ಗಡಸುತನ ಸುಮಾರು 10 ಕಿಲೋಪಾಸ್ಕಲ್. ತಟ್ಟೆಯದು ಅದರ ಲಕ್ಷ ಪಟ್ಟು. ಅಂಥ ನೆಲದ ಮೇಲೆ ಕೋಶಗಳು ಕೆಲವೇ ದಿನಗಳಲ್ಲಿ ಚಪ್ಪಟೆಯಾಗಿ ಹರಡಿ, ಆಲ್ಫಾ ಸ್ಮೂತ್ ಮಸಲ್ ಆಕ್ಟಿನ್ ಎಂಬ, ಎಳೆಯುವ ಬಲ ಕೊಡುವ ಪ್ರೋಟೀನಿನ ಎಳೆಗಳನ್ನು ಕಟ್ಟಿಕೊಂಡು, ಗಾಯದಲ್ಲಿ ಕಾಣುವ ಮಯೋಫೈಬ್ರೋಬ್ಲಾಸ್ಟ್‌ಗಳಾಗುತ್ತವೆ, ಅಂದರೆ ಬಿಗಿಯಾಗಿ ಎಳೆಯುವ ಕೋಶಗಳಾಗುತ್ತವೆ. ನಾವು ಏನನ್ನೂ ಪರೀಕ್ಷಿಸುವ ಮೊದಲೇ ಕಾಯಿಲೆ ಶುರುವಾಗಿರುತ್ತದೆ. ಕೋಶಗಳ ಸಂಖ್ಯೆ ಹೆಚ್ಚಿಸುವುದಕ್ಕಷ್ಟೇ ನಾನು ತಟ್ಟೆಯನ್ನು ಬಳಸುತ್ತೇನೆ.

ತೇಲುವ ಜೆಲ್ ಪದ್ಧತಿಯನ್ನು ಬೆಲ್ ಮತ್ತು ಸಂಗಡಿಗರು 1979ರಲ್ಲಿ ಪ್ರಕಟಿಸಿದರು. ಇಲಿಬಾಲದ ಕೊಲಾಜೆನ್ ಆಮ್ಲದಲ್ಲಿ ಕರಗಿರುತ್ತದೆ. ಅದನ್ನು ಮಂಜುಗಡ್ಡೆಯ ಮೇಲೆ ತಟಸ್ಥಗೊಳಿಸಿ, ಕೋಶಗಳನ್ನು ಬೆರೆಸಿ, 37 ಡಿಗ್ರಿಯಲ್ಲಿಟ್ಟರೆ ಮೊಸರಿನಂತೆ ಹೆಪ್ಪುಗಟ್ಟುತ್ತದೆ. ಏಪ್ರಿಲ್ ತಿಂಗಳ ಕೋಲಾರದಲ್ಲಿ ಪಿಪೆಟ್ಟನ್ನೂ ತಣ್ಣಗಿಡಬೇಕು. ಜೆಲ್ಲನ್ನು ಪಾತ್ರೆಯ ಅಂಚಿನಿಂದ ಬಿಡಿಸಿ ತೇಲಬಿಟ್ಟೊಡನೆ ಕೋಶಗಳು ತಮ್ಮ ಮೈಮೇಲಿನ ಇಂಟೆಗ್ರಿನ್ ಎಂಬ ಹಿಡಿಕೆ ಪ್ರೋಟೀನ್‌ಗಳಿಂದ ನಾರುಗಳನ್ನು ಹಿಡಿದು ಎಳೆಯುತ್ತವೆ, ಜೆಲ್ಲಿನ ಬಿಲ್ಲೆ ಕುಗ್ಗುತ್ತದೆ. ವ್ಯಾಸ ಅಳೆಯಲು ಮೊಬೈಲ್ ಕ್ಯಾಮೆರಾ ಸಾಕು. ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಎದುರೆಳೆತವಿಲ್ಲದ ಕಡೆ ಬಿಗಿತ ನಿಲ್ಲುವುದಿಲ್ಲ; ಕೋಶಗಳು ವಿಭಜನೆ ಕಡಿಮೆ ಮಾಡುತ್ತವೆ, ಕೆಲವು ಸಾಯುತ್ತವೆ. ಬಡಿಯುವ ಹೃದಯದ ಗೋಡೆಯಲ್ಲಿ ಯಾವ ಗಾಯವೂ ಹೀಗೆ ತೇಲುತ್ತಿರುವುದಿಲ್ಲ.

ನನ್ನ ಆಯ್ಕೆ ಪಾತ್ರೆಯ ಅಂಚಿಗೆ ಕಚ್ಚಿಕೊಂಡೇ ಇರುವ ಜೆಲ್. ಇಲ್ಲಿ ಕೋಶ ಎಳೆದರೂ ಜೆಲ್ ಅಗಲದಲ್ಲಿ ಕುಗ್ಗಲಾರದು, ಬಿಗಿತ ಒಳಗೇ ಶೇಖರವಾಗುತ್ತದೆ. ಎರಡು ತುದಿಗಳಲ್ಲಿ ಮಾತ್ರ ಕಟ್ಟಿದರೆ ನಾರುಗಳು ಆ ದಿಕ್ಕಿನಲ್ಲೇ ಸಾಲಾಗುತ್ತವೆ. ಪಿಕ್ರೊಸಿರಿಯಸ್ ರೆಡ್ ಬಣ್ಣ ಹಾಕಿ ಧ್ರುವೀಕೃತ ಬೆಳಕಿನಲ್ಲಿ ನೋಡಿದರೆ ಅದು ಸ್ಪಷ್ಟವಾಗಿ ಕಾಣುತ್ತದೆ. ಬಿಗಿತವೇ ಸುಪ್ತವಾಗಿರುವ ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನನ್ನು ಬಿಡಿಸುತ್ತದೆ, ಅದು ಕೋಶಗಳನ್ನು ಇನ್ನಷ್ಟು ಎಳೆಯುವಂತೆ ಮಾಡುತ್ತದೆ. ಗಾಯದ ಈ ಸುತ್ತು ತೇಲುವ ಜೆಲ್ಲಿನಲ್ಲಿ ಹಿಡಿತಕ್ಕೆ ಸಿಗುವುದಿಲ್ಲ. ಕೊನೆಯಲ್ಲಿ ಅಂಚು ಬಿಡಿಸಿದರೆ ನಿಮಿಷಗಳಲ್ಲೇ ಜೆಲ್ ಕುಗ್ಗುತ್ತದೆ. ಆ ಕುಗ್ಗುವಿಕೆಯೇ ಶೇಖರವಾಗಿದ್ದ ಬಿಗಿತದ ಅಳತೆ.

ನನ್ನನ್ನು ಬಹಳ ಕಾಡಿದ ಸಂಗತಿ ಇದು: ಎಳೆತವನ್ನು ತಡೆಯುವ ಔಷಧ ಹಾಕಿದರೂ ಕುಗ್ಗಿದ ಜೆಲ್ ಪೂರ್ತಿಯಾಗಿ ಮೊದಲಿನ ಅಳತೆಗೆ ಹಿಗ್ಗುವುದಿಲ್ಲ. ಕೋಶ ಕೈಬಿಟ್ಟರೂ ನಾರುಗಳು ಹೊಸ ಜಾಗದಲ್ಲೇ ನಿಲ್ಲುತ್ತವೆ. ಅದೇ ಮರುರಚನೆ. ಹೃದಯದಲ್ಲಾದರೆ ಲೈಸಿಲ್ ಆಕ್ಸಿಡೇಸ್ ಕಿಣ್ವ ಆ ನಾರುಗಳಿಗೆ ಅಡ್ಡಕೊಂಡಿಗಳನ್ನೂ ಹಾಕುತ್ತದೆ, ಹಾಗಾಗಿ ಅವನ್ನು ಬಿಡಿಸುವುದು ಇನ್ನೂ ಕಷ್ಟ.

ಕೊರತೆಗಳಿಲ್ಲವೆಂದಲ್ಲ. ನಮ್ಮ ಜೆಲ್ ಹೃದಯಕ್ಕಿಂತ ಬಹಳ ಮೆದು, ಅದರಲ್ಲಿರುವುದು ಒಂದನೇ ಬಗೆಯ ಕೊಲಾಜೆನ್ ಮಾತ್ರ. ಹೃದಯದಲ್ಲಿ ಮೂರನೇ ಬಗೆಯೂ ಇದೆ. ನಮ್ಮ ಜೆಲ್ ಬಡಿಯುವುದೂ ಇಲ್ಲ. ಲಯಬದ್ಧವಾಗಿ ಹಿಗ್ಗಿಸುವ ಸಿಲಿಕೋನ್ ತಟ್ಟೆಗಳಿವೆ, ನಮ್ಮಲ್ಲಿ ಇನ್ನೂ ಇಲ್ಲ.