ಪೆನಿಸಿಲಿನೇಸ್ ಲೇಪಿತ ಪಿಎಚ್ ಸೆನ್ಸರ್: ಬಹುಕಾಲದ ಬಳಕೆಯ ನಂತರ

ಪೆನಿಸಿಲಿನ್ ಒಡೆಯುವ ಪೆನಿಸಿಲಿನೇಸ್ ಕಿಣ್ವದ ಪೊರೆ ಹೊದ್ದ ಪಿಎಚ್ ಎಲೆಕ್ಟ್ರೋಡ್ ಇದು. ಹಾಲಿನಲ್ಲಿ ಉಳಿದ ಪೆನಿಸಿಲಿನ್ ಪತ್ತೆಗೆ ಇದನ್ನು ಕೊಳ್ಳಬೇಡಿ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಹಾಲಿಗೆ ಇಟ್ಟಿರುವ ಮಿತಿ ಲೀಟರಿಗೆ 4 ಮೈಕ್ರೋಗ್ರಾಂ, ಅಂದರೆ ಸುಮಾರು 12 ನ್ಯಾನೋಮೋಲ್. ಈ ಸೆನ್ಸರಿನ ಅಳತೆ ನಂಬುವಂತಿರುವುದು 0.1 ಮಿಲಿಮೋಲಾರ್‌ನಿಂದ (ಲೀಟರಿಗೆ 0.1 ಮಿಲಿಮೋಲ್) ಮೇಲಕ್ಕೆ. ನಡುವೆ ಎಂಟು ಸಾವಿರ ಪಟ್ಟು ಅಂತರ! ಪೆನಿಸಿಲಿನ್ ತಯಾರಾಗುವ ಹುದುಗುತೊಟ್ಟಿಯ ದ್ರವ ಅಳೆಯುವವರಿಗೆ ಮಾತ್ರ ಇದು ನಿಜವಾಗಿ ಒದಗುತ್ತದೆ, ಅಲ್ಲಿ ಚೆನ್ನಾಗಿಯೇ ಒದಗುತ್ತದೆ.

ಪೊರೆಯಲ್ಲಿರುವ ಕಿಣ್ವ ಪೆನಿಸಿಲಿನ್ನಿನ ಬೀಟಾ-ಲ್ಯಾಕ್ಟಮ್ ಉಂಗುರವನ್ನು ಒಡೆದಾಗ ಪೆನಿಸಿಲೋಯಿಕ್ ಆಮ್ಲ ಹುಟ್ಟುತ್ತದೆ, ಪ್ರೋಟಾನ್ ಬಿಡುಗಡೆಯಾಗುತ್ತದೆ. ಎಲೆಕ್ಟ್ರೋಡ್ ಕಾಣುವುದು ಆ ಪಿಎಚ್ ಇಳಿತವನ್ನಷ್ಟೇ. ಹಾಗಾಗಿ ಎಲ್ಲವೂ ಬಫರಿನ, ಅಂದರೆ ಪಿಎಚ್ ಬದಲಾಗದಂತೆ ತಡೆಹಿಡಿಯುವ ದ್ರಾವಣದ, ಮೇಲೆ ನಿಂತಿದೆ. 1 ಮಿಲಿಮೋಲಾರ್ ಫಾಸ್ಫೇಟ್, 100 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್, ಪಿಎಚ್ 7.0: ಇದು ಸರಿಹೋಗುತ್ತದೆ. ಅಭ್ಯಾಸಬಲದಿಂದ 20 ಮಿಲಿಮೋಲಾರ್ ಫಾಸ್ಫೇಟ್ ಹಾಕಿದರೆ ಪ್ರೋಟಾನುಗಳನ್ನೆಲ್ಲ ಬಫರೇ ನುಂಗುತ್ತದೆ, ಸಂಕೇತ ನೆಲಕಚ್ಚುತ್ತದೆ. ಸೆನ್ಸರ್ ಸತ್ತಿದೆ ಎಂದು ಎಸೆಯುವ ಮುನ್ನ ಬಫರ್ ಬಾಟಲಿಯ ಚೀಟಿ ಓದಿ.

ಹೋಲಿಸಿ ನೋಡಲು ಬೇಕಾದ, ಪ್ರಮಾಣ ಗೊತ್ತಿರುವ ಮಾನಕ ದ್ರಾವಣಕ್ಕೆ ಪೆನಿಸಿಲಿನ್ ಜಿ ಪೊಟ್ಯಾಸಿಯಂ ಲವಣ 372.5 ಮಿಲಿಗ್ರಾಂ ತೂಗಿ, ಅದೇ ಬಫರಿನಲ್ಲಿ 100 ಮಿಲಿಲೀಟರಿಗೆ ತನ್ನಿ. 10 ಮಿಲಿಮೋಲಾರ್ ಸಿಗುತ್ತದೆ. ನಿನ್ನೆಯದು ಬೇಡ, ನೀರಿನಲ್ಲಿ ಅದು ತಾನಾಗಿಯೇ ಒಡೆಯುತ್ತದೆ. ತೊಟ್ಟಿಯ ಮಾದರಿಯನ್ನು ಸೋಸಿ, 50 ಪಟ್ಟು ತೆಳುಮಾಡಿ, ಪಿಎಚ್ 7.0ಕ್ಕೆ ತಂದ ಮೇಲೆಯೇ ಅದ್ದಿ. ತೆಳುಮಾಡಿದಾಗ ಮಾದರಿಯ ಸ್ವಂತ ಬಫರ್ ಬಲವೂ ಕುಗ್ಗುತ್ತದೆ, ಅದೇ ನಮಗೆ ಬೇಕಾದದ್ದು. ಪಕ್ಕದಲ್ಲಿ ಕಿಣ್ವವಿಲ್ಲದ, ಬರೀ ಆಲ್ಬುಮಿನ್ ಪೊರೆಯ ಎಲೆಕ್ಟ್ರೋಡ್ ಒಂದಿರಲಿ. ಎರಡರ ವ್ಯತ್ಯಾಸವನ್ನೇ ಬರೆದುಕೊಂಡರೆ ಉಷ್ಣತೆಯ ಏರಿಳಿತ, ಮಾದರಿಯ ಪಿಎಚ್ ತಪ್ಪು ಬಹುಪಾಲು ಕಳೆದುಹೋಗುತ್ತದೆ. ಜೋಡಿಯಾಗಿ ಕೊಡದ ಸೆಟ್ ಅರ್ಧ ಸೆಟ್ ಎಂದೇ ನಮ್ಮ ಅಭಿಪ್ರಾಯ.

ಕೆಡುವುದು ಹೆಚ್ಚಾಗಿ ಪೊರೆಯೇ. ಪ್ರೋಟೀನುಗಳನ್ನು ಒಂದಕ್ಕೊಂದು ಬೆಸೆಯುವ ಗ್ಲುಟರಾಲ್ಡಿಹೈಡ್‌ನಿಂದ ಕಟ್ಟಿದ ಪೊರೆ ನಸುಹಳದಿ, ನುಣುಪು. ಒಮ್ಮೆ ಒಣಗಿದರೆ ಅಂಚು ಸುರುಟಿ ಮೇಲೇಳುತ್ತದೆ, ಅಡಿಯಲ್ಲಿ ಸಣ್ಣ ಗುಳ್ಳೆ ಕೂರುತ್ತದೆ, ಓದು ನಿಲ್ಲದೆ ಜಾರುತ್ತಲೇ ಇರುತ್ತದೆ. ಬಫರಿನಲ್ಲಿ ಮುಳುಗಿಸಿ 4 ಡಿಗ್ರಿಯಲ್ಲಿಡಿ, ಹೆಪ್ಪುಗಟ್ಟಿಸಬೇಡಿ. ಪೊರೆಯನ್ನು ನೀವೇ ಕಟ್ಟುವುದಾದರೆ ಟ್ರಿಸ್ ಬಫರ್ ದೂರವಿಡಿ. ಅದರ ಅಮೈನ್ ಗುಂಪು ಗ್ಲುಟರಾಲ್ಡಿಹೈಡನ್ನು ತಾನೇ ಹಿಡಿದುಕೊಳ್ಳುತ್ತದೆ.

ಕ್ಲಾವುಲಾನಿಕ್ ಆಮ್ಲ ಬೆರೆತ ಮಾದರಿಯನ್ನಂತೂ ಹತ್ತಿರ ತರಲೇಬೇಡಿ. ಅದು ಬೀಟಾ-ಲ್ಯಾಕ್ಟಮೇಸ್ ಕಿಣ್ವಗಳನ್ನು (ನಮ್ಮ ಪೆನಿಸಿಲಿನೇಸ್ ಅವುಗಳಲ್ಲೊಂದು) ಕಟ್ಟಿಹಾಕಲೆಂದೇ ಇರುವ ವಸ್ತು, ತೊಳೆದರೂ ಪೊರೆ ಮೊದಲಿನಂತಾಗುವ ಭರವಸೆಯಿಲ್ಲ. ಅಂಥ ಮಾದರಿ ಅದ್ದಿದ್ದರೆ ಮುಂದಿನ ಅಳತೆಗೆ ಮೊದಲು 1 ಮಿಲಿಮೋಲಾರ್ ಮಾನಕವನ್ನು ಮತ್ತೆ ಓದಿಸಿ. ಹಳೆಯ ಅಂಕಿ ಬಾರದಿದ್ದರೆ ಹೊಸ ಪೊರೆ ಹಾಕಿ.